ಹೇಳದ ಹೂಟ

ಶುಕ್ರವಾರ ರಾತ್ರಿ, ಚೌಬಾರಾದ ಹಿಂದ,
ನನ್ನ ಝೆರಾಕ್ಸ್ ಅಂಗಡಿ ಶಟರ್ ಅರ್ಧ ಎಳದು
ನಾವು ನಾಕು ಮಂದಿ ಕಳ್ಳರಾಗ್ತೀವಿ.

ಘಾಳೆಪ್ಪ ಹಗಲೆಲ್ಲಾ ಭಾಲ್ಕಿ ಬಸ್ಸಿನ ಕಂಡಕ್ಟರ್,
ಇಲ್ಲಿ ಗೋಡಿ ದಾಟೋ ಮಾಟಗಾರ,
ಒಂದು ಮಂತ್ರಕ್ಕ ಮೂರು ದಿನ ತಲಿಶೂಲಿ.
ಎಸ್ತೇರ್ ದವಾಖಾನಿ ನರ್ಸ್, ಇಲ್ಲಿ ವಿಷ ಅರಿಯಾಕಿ.
ತಬಸ್ಸುಮ್ ಬ್ಲೌಸ್ ಹೊಲೀತಾಳ,
ಇಲ್ಲಿ ಬೀಗಗಳ ಕಿವ್ಯಾಗ ಮಾತಾಡ್ತಾಳ.
ನಾನು ಆಟ ನಡಸಾಕಿ:
ಸುಲ್ತಾನ ನಾನೇ, ಪಹರೆಯಾಂವ ನಾನೇ, ನಾಯಿ ನಾನೇ,
ಬ್ಯಾಡಾದ ಹೊತ್ತಿನಾಗ ಕೆಮ್ಮೋ ಮುದುಕನೂ ನಾನೇ.

ನಮ್ಮ ಶಾಸ್ತ್ರ ಅಂದ್ರ ರದ್ದಿ ಗಾಡ್ಯಾಗ ಸಿಕ್ಕ
ಒಂದು ದಪ್ಪ ಕಾದಂಬರಿ.
ತೇಲೋ ಊರಿನ ಖಜಾನಿಗೆ ಐದು ಮಂದಿ ನುಗ್ಗತಾರ.
ಹೊರಗ ಬರೋ ಹಾಳಿಗಳೇ ಇಲ್ಲ,
ಯಾರೋ ಕದ್ದಾರ.
ಅದರಾಗ ನಾ ಕಲ್ತದ್ದು ಇಷ್ಟು:
ಓದಾವ್ರಿಗೆ ಮುಂಚೇನೇ ಬಿಡಿಸಿ ಹೇಳಿದ ಹೂಟ ಕೆಡ್ತದ.
ಹೇಳದ್ದು ಮಾತ್ರ ದಡ ಮುಟ್ತದ.

ದಾಳ ಮಾಡಿಕೊಟ್ಟಾಂವ ಪಕ್ಕದ ಕಾರ್ಖಾನಿ ವೈಜನಾಥ.
ಆಡೂದಿಲ್ಲ, ಕುಂತು ನೋಡ್ತಾನ.
ಜಸ್ತಾ ಎರದು, ಇಪ್ಪತ್ತು ಮಖ ಉಜ್ಜಿ,
ಕೋಟಿ ಮಣ್ಣಿನಾಗ ಕುದಿಸಿ ಕರ್ರಗ ಮಾಡ್ಯಾನ.
ಹದಿನೇಳರ ಮನಿಗೆ ಬಂದಾಗ ಬೆಳ್ಳಿ ತಂತಿ ತೀರಿತು.
ಆ ಮಖ ಹಂಗೇ ಖಾಲಿ ಉಳೀತು.
ಖಾಲಿ ಬಿದ್ರ ಬಿದ್ದವರು
ಒಂದು ಖರೇ ಮಾತು ಹೇಳಬೇಕು. ಇದು ನಮ್ಮ ಕಾನೂನು.

ಹಿಂಗಾಗಿ ಒಮ್ಮೆ ಘಾಳೆಪ್ಪ ಹೇಳಿದ,
ತಿಕೀಟು ಇಲ್ದ ಮುದುಕೀಗೆ ತಾನೇ ರೊಕ್ಕ ಹಾಕಿ
ಮ್ಯಾಲ ಅಕೀಗೇ ಬೈದದ್ದು.

ಹೋದ ತಿಂಗಳು ಖಾಲಿ ಬಿದ್ದದ್ದು ತಬಸ್ಸುಮ್‌ಗೆ.
ಜರಾ ಹೊತ್ತು ಸುಮ್ಮನಿದ್ದು
ಪರ್ಸಿನಿಂದ ಸುರ್ಮಾದಾನಿ ತಗದಳು,
ಅದರಾಗಿಂದ ಒಂದು ಚಿಪ್ಪಿನ ಚೂರು,
ಕೊತ್ತಂಬರಿ ಎಲಿಯಷ್ಟು.
ಟ್ಯೂಬ್‌ಲೈಟಿನ ತೆಳಗ ಅದು ಒಮ್ಮೆ ಗುಲಾಬಿ, ಒಮ್ಮೆ ಹಸಿರು.

ರಂಗೀನ್ ಮಹಲಿನ ಕರಿಕಲ್ಲಿನಾಗಿಂದು.
ಅಕೀ ದಾದಾ ಒಂಬತ್ತು ವರ್ಷದಾಂವ ಇದ್ದಾಗ
ಕ್ವಾಟ್ಯಾಗ ಆಡು ಮೇಯಿಸಕೋತ ಮೊಳಿಯಿಂದ ಕಿತ್ತಿದ್ನಂತ.
ಆಣೆ ಅಂತ ತಿಳದು ಅಂಗಡ್ಯಾಗ ಕೊಟ್ರ
ಸೇಠ ನಕ್ಕು, ಒಂದು ಮುಷ್ಟಿ ಪುಟಾಣಿ ಕೊಟ್ಟು
ಚಿಪ್ಪೂ ವಾಪಸ್ ಕೊಟ್ಟನಂತ.

"ಸಾಹೇಬರಿಗೆ ಕೊಟ್ಟುಬಿಡು," ಅಂದ ಘಾಳೆಪ್ಪ.
"ಕೊಟ್ರ ಡಬ್ಬ್ಯಾಗ ಹಾಕಿ ನಂಬರ್ ಹಚ್ತಾರ," ಎಸ್ತೇರ್ ಅಂದಳು,
"ಗೋಡಿಗೆ ಹೋಗೂದಿಲ್ಲ."

ಆವತ್ತು ಖಜಾನಿ ಬಿಟ್ಟೆವು.
ನಕಾಶಿ ತಿರುವಿ ಹಾಕಿದೆ.
ಎಷ್ಟು ಕಥ್ಯಾಗ ಎಷ್ಟು ಕಳ್ಳರು, ಎಲ್ಲಾರೂ ತರೂದಕ್ಕ ಹೋದವರು.
ಇಟ್ಟು ಬರಾಕ ಹೋಗಾವ್ರಿಗೆ
ಯಾವ ಬೀಗ, ಎಂಥಾ ಪಹರೆ, ಎಷ್ಟು ದಾಳ ಬೀಳಬೇಕು
ನನಗೂ ಗೊತ್ತಿರಲಿಲ್ಲ.

ಮೊದಲ ಸಲ ನೌಬಾದಿನ ಕರೇಜಿನ ಸುರಂಗದಾಗ ತೂರಿದರು,
ನೀರು ಏರಿತು, ದಾಳದಾಗ ಎರಡು ಬಿತ್ತು.
ಎರಡನೇ ಸಲ ಘಾಳೆಪ್ಪ ಗೋಡಿಯಾಗ ಅರ್ಧ ದಾಟಿ
ತಲಿ ಹಿಡಕೊಂಡು ನಿಂತ.
ಮೂರನೇ ಸಲ ಎಲ್ಲಾ ಬರಾಬರ್ ಇತ್ತು,
ಪಹರೆಯಾಂವಗ ನಿದ್ದಿ ಹತ್ತಲಿಲ್ಲ.
ಹತ್ತಿಸಬೇಕಾದಾಕಿ ನಾನೇ.
ಅಂವ ರಾತ್ರಿಯೆಲ್ಲಾ ಆ ಖಾಲಿ ಕುಣಿ ನೋಡಕೋತ ನಿಂತಿದ್ದ,
ನಾನೇನು ಮಾಡ್ಲಿ.

ಮೂರೂ ಹೂಟ ಮುಂಚೇನೇ ಬಾಯಿ ಬಿಟ್ಟು ಹೇಳಿದ್ವಿ.

ಈ ಶುಕ್ರವಾರ ದಾಳ ಸುರ್ಮಾದಾನಿ ಪಕ್ಕ ಸುಮ್ಮನ ಕುಂತಿತ್ತು.
ಯಾರೂ ಎಸೀಲಿಲ್ಲ.
ತಬಸ್ಸುಮ್ ಬಾಯಿ ಮ್ಯಾಲ ಬಟ್ಟಿಟ್ಟು ನನ್ನ ಕಡಿ ನೋಡಿದಳು.

ಮಂಗಳವಾರ ಘಾಳೆಪ್ಪ ರಜಾ ಹಾಕ್ಯಾನ.
ಎಸ್ತೇರಳ ಚೀಲದಾಗ ದವಾಖಾನಿ ಚಿಮಟಾ ಅದ.
ವೈಜನಾಥ, ಆಟ ಆಡದಾಂವ, ಯಾಕೋ ಅರಗು ಕಾಸ್ಲಿಕ್ಕತ್ತಾನ.
ನಾನು ಪ್ರವೇಶದ ಚೀಟಿ ಐದು ಎಣಿಸಿ
ಗಲ್ಲೇದಾಗ ಇಟ್ಟೀನಿ.

ಹೂಟ?
ಎಂಥಾ ಹೂಟ್ರಿ.
ಚಾ ಆರ್ಲಿಕ್ಕತ್ತದ, ಕುಡೀರಿ.